ಮ್ವಾಂಝಾ–ಬುಕೋಬಾ, ನಲವತ್ತೈದು ನಿಮಿಷ

ದೂರ ಎಷ್ಟು ಎಂದು ಬೀಪಾತುಮ್ಮ ಕೇಳಿದಳು
ಕೈ ನಿಲ್ಲಿಸದೆ.
ಸುಂಟಿಕೊಪ್ಪದ ಕ್ಯೂರಿಂಗಿನ ಉದ್ದ ಮೇಜಿನ ತುಂಬ
ರೊಬಸ್ಟಾ ಹರಡಿತ್ತು.
ಅವಳ ಬೆರಳು ಕಪ್ಪು ಬೀಜವನ್ನಷ್ಟೇ
ಕೋಳಿ ಕೊಕ್ಕಿನಂತೆ ಹೆಕ್ಕುತ್ತಿತ್ತು.

ನೂರ ಎಪ್ಪತ್ತೈದು ಕಿಲೋಮೀಟರ್, ಅಂದೆ.
ಇಲ್ಲಿಂದ ಮಂಗಳೂರಿಗೆ ಹೋದಂತೆ,
ಮೇಲೊಂದಿಷ್ಟು ಸೇರಿಸಿಕೊ.
ನಡುವೆ ಸಂಪಾಜೆ ಘಾಟಿ ಇಲ್ಲ, ಬರೀ ನೀರು.
ಕೆರೆ ಅನ್ನಲು ನಾಲಗೆ ಏಳುವುದಿಲ್ಲ,
ಸಮುದ್ರ ಅನ್ನೋಣವೆಂದರೆ ಉಪ್ಪಿಲ್ಲ.

ಹೊತ್ತು?
ಟಿಕೆಟ್ಟಿನಲ್ಲಿ ನಲವತ್ತೈದು ನಿಮಿಷ.

ಟಿಕೆಟ್ಟಿನಲ್ಲಿ! ಜೋಸ್ಪಿನ್ ನಕ್ಕಳು.
ರೈಲು ಕೂಗದ ಜಿಲ್ಲೆಯವರು ನಾವು,
ಚೆಟ್ಟಳ್ಳಿ ಮೇಲೆ ಸಿದ್ದಾಪುರಕ್ಕೆ ಎಷ್ಟು ಹೊತ್ತೆಂದು
ಎದುರು ಬಂದ ಜೀಪಿನವನನ್ನು ಕೇಳಿಯೇ ಹೇಳುವವರು.

ಅಲ್ಲಿಯ ಸಹಕಾರ ಸಂಘ ಕರೆಸಿತ್ತು ನನ್ನನ್ನು,
ಬೀಜ ವಿಂಗಡಿಸುವುದನ್ನು ಕಲಿಸಲು, ಮೂರು ವಾರ.
ಮ್ವಾಂಝಾದ ಕೌಂಟರಿನಲ್ಲಿ ಮೊದಲು ಸೂಟ್‌ಕೇಸು ತೂಗಿದರು,
ಆಮೇಲೆ ನೀನೂ ಹತ್ತು ಎಂದರು ತಕ್ಕಡಿ ತೋರಿಸಿ.
ಇಪ್ಪತ್ತಾರು ವರ್ಷ ಮೂಟೆ ತೂಗಿದವಳು ನಾನು,
ತೇವ ಎಷ್ಟು, ಕಲ್ಲು ಎಷ್ಟು, ಗೋಣಿ ಕಳೆದು ಎಷ್ಟು.
ಹುಡುಗ ಎಪ್ಪತ್ತೊಂದು ಎಂದು ಬರೆದುಕೊಂಡ.
ಏನನ್ನೂ ಕಳೆಯಲಿಲ್ಲ.

ಹನ್ನೆರಡು ಸೀಟಿನ ವಿಮಾನ.
ಪೈಲಟ್ಟಿನ ಕತ್ತಿನ ಬೆವರು ಕಾಣುತ್ತಿತ್ತು,
ಪಿಕಪ್ಪಿನಲ್ಲಿ ತೋಟದ ಕೆಲಸಕ್ಕೆ ಹೊರಟ ಹಾಗೆ.
ಕೆಳಗೆ ದುಂಡು ಬಂಡೆ, ದ್ವೀಪ, ದ್ವೀಪದ ಮೇಲೊಂದು ತಗಡು,
ತಗಡಿನ ಮೇಲೆ ಬಿಸಿಲು.
ಮೂವತ್ತೆಂಟನೆಯ ನಿಮಿಷಕ್ಕೆ ಊರು ಕಂಡಿತು.
ಬಾಳೆ, ಬಾಳೆಯ ಸಂದಿನಲ್ಲಿ ಕಾಫಿ, ಕಪ್ಪು ಹಸಿರು,
ನಮ್ಮ ಗಿಡಗಳ ಅಣ್ಣನೋ ಅಜ್ಜನೋ.
ಮತ್ತೆ ಕಾಣಲಿಲ್ಲ.
ನೀರಿನಿಂದೆದ್ದ ಮೋಡ ರನ್‌ವೇ ಮೇಲೆ ಬಂದು ನಿಂತಿತು.
ಒಂದು ಸುತ್ತು ಹಾಕಿದ, ಇನ್ನೊಂದು ಹಾಕಿದ,
ನಮ್ಮ ಕಡೆ ತಿರುಗಿ ಏನೋ ಹೇಳಿ
ಬಂದ ದಾರಿಗೇ ಮೂಗು ತಿರುಗಿಸಿದ.

ಆನೆ ನಿಂತಿತ್ತು ಅನ್ನು, ಅಂದಳು ಬೀಪಾತುಮ್ಮ.

ಹೌದು, ಆನೆಯೇ.
ಹಾರ್ನ್ ಹೊಡೆಯಬಾರದು, ದೀಪ ಚುಚ್ಚಬಾರದು,
ಸದ್ದಿಲ್ಲದೆ ರಿವರ್ಸ್ ತೆಗೆಯಬೇಕು.
ನೂರು ನಿಮಿಷ ಹಾರಿ
ಹೊರಟಲ್ಲೇ ಇಳಿದೆವು, ಅದೇ ತಕ್ಕಡಿಯ ಎದುರು.
ದೂರ ಸೊನ್ನೆ.

ರಾತ್ರಿ ಹಡಗು ಹತ್ತಿದೆ, ಒಂಬತ್ತು ತಾಸಿನ ದಾರಿ.
ಮೂಟೆ, ಸೈಕಲ್ಲು, ಅಡ್ಡಾದಿಡ್ಡಿ ಮಲಗಿದ ಮಕ್ಕಳು.
ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದವಳು, ಕೊಕುಹಿರ್ವಾ,
ಇಲ್ಲಿಯೂ ಪಕ್ಕದಲ್ಲೇ ಚಾಪೆ ಹಾಸಿದಳು.
ಅಲ್ಲಿ ನಾವು ಮಾತಾಡಿರಲಿಲ್ಲ.
ನಲವತ್ತೈದು ನಿಮಿಷಕ್ಕೆ ಯಾರು ಪರಿಚಯ ಮಾಡಿಕೊಳ್ಳುತ್ತಾರೆ?
ಬಾಳೆನಾರಿನ ಪೊಟ್ಟಣ ಬಿಚ್ಚಿ
ಬೇಯಿಸಿ ಒಣಗಿಸಿದ ಕಾಫಿಹಣ್ಣೊಂದು ತೆಗೆದು
ಹಲ್ಲಿನಲ್ಲಿ ಒಡೆದು,
ಒಳಗಿನ ಎರಡು ಬೀಜದಲ್ಲಿ
ಒಂದು ತನ್ನ ಬಾಯಿಗೆ, ಒಂದು ನನ್ನ ಅಂಗೈಗೆ.
ಕುಡಿಯುವುದಲ್ಲ, ಜಗಿಯುವುದು.
ನೆಂಟರಿಗೆ ನಾವು ಎಲೆಯಡಿಕೆ ಕೊಟ್ಟ ಹಾಗೆ.

ಬಲ್ಬಿನ ಬೆಳಕಿಗೆ ಹಿಡಿದು ನೋಡಿದೆ, ಅಭ್ಯಾಸ.
ಬಲಿಯುವ ಮುನ್ನ ಕಿತ್ತದ್ದು. ಹುಳದ ತೂತು ಒಂದು.
ಈ ಮೇಜಿನಲ್ಲಾದರೆ ಎಡಗಡೆಯ ಬುಟ್ಟಿಗೆ.
ಬಾಯಿಗೆ ಹಾಕಿಕೊಂಡೆ.
ಮೊದಲು ಕಹಿ, ಆಮೇಲೆ ಹೊಗೆ, ಯಾವುದೋ ಸೊಪ್ಪು.
ಅವಳಿಗೆ ಹದಿನೈದು ಮಾತು ಇಂಗ್ಲಿಷು, ನನಗೆ ಇಪ್ಪತ್ತು.
ಬೀಜ ನೆನೆದು ಮೆತ್ತಗಾಗುವ ಹೊತ್ತಿಗೆ
ಅವಳ ಗಂಡ ತೀರಿಹೋದ ಮಳೆಗಾಲ, ನನ್ನ ಮೊಣಕಾಲು,
ಎರಡೂ ಕಡೆ ರೇಟು ಬಿದ್ದ ವರ್ಷ,
ಎಲ್ಲ ಆಗಿತ್ತು.
ದಡ ಇನ್ನೂ ದೂರವಿತ್ತು.

ಬೀಪಾತುಮ್ಮ ತೂತುಬೀಜವೊಂದನ್ನು ಹೆಕ್ಕಿ
ಬುಟ್ಟಿಗೆ ಹಾಕದೆ ಹಿಡಿದುಕೊಂಡಿದ್ದಳು.
ಬರುವಾಗ? ಎಂದಳು.

ಬರುವಾಗ ವಿಮಾನ ಸರಿಯಾಗಿಯೇ ಬಂತು.
ನಲವತ್ತೊಂದು ನಿಮಿಷ.
ಅದರಲ್ಲಿ ಹೇಳುವಂಥದ್ದೇನೂ ಇಲ್ಲ.